ಕೊಲೆಗಾರನ ಲಲಿತ ರಗಳೆ

ಹೆದರಿಕೆಯನ್ನು ದುಡ್ಡು ಕೊಟ್ಟು ಕೊಳ್ಳುವ ಪ್ರಾಣಿ ಮನುಷ್ಯನೊಬ್ಬನೇ ಎಂದು ಕಾಣುತ್ತದೆ. ಹಸು ಹುಲಿಯನ್ನು ಕಂಡರೆ ಓಡುತ್ತದೆ. ಹುಲಿಯ ವೇಷ ನೋಡಲು ಟಿಕೇಟಿಗಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ. ನಾವು ನಿಲ್ಲುತ್ತೇವೆ. ಅಷ್ಟು ಸಾಲದೆಂದು, ಆಟ ಮುಗಿದ ಮೇಲೆ ವೇಷದೊಳಗೆ ಯಾರಿದ್ದರು, ಬಾಲವನ್ನು ಯಾವುದರಿಂದ ಮಾಡಿದ್ದರು ಎಂದು ಪರದೆಯ ಹಿಂದೆ ಇಣುಕಿಯೂ ನೋಡುತ್ತೇವೆ.

ಈ ಇಣುಕುವ ವಿದ್ಯೆಯಲ್ಲಿ ನನ್ನ ಮಗಳು ಪಾರಂಗತೆ. ಹತ್ತೊಂಬತ್ತರ ಹುಡುಗಿ, ಬೆಂಗಳೂರಿನಲ್ಲಿ ಓದು. ರಜೆಗೆ ದುರ್ಗಕ್ಕೆ ಬಂದರೆ ರಾತ್ರಿ ದೀಪ ಆರಿಸಿಕೊಂಡು 'ಹ್ಯಾಲೋವೀನ್' ಎಂಬ ಅಮೆರಿಕದ ಚಿತ್ರಮಾಲೆಯನ್ನು ನೋಡುತ್ತಾಳೆ. 1978ರಲ್ಲಿ ಮೊದಲಾದ ಮಾಲೆ 2022ರ ಹೊತ್ತಿಗೆ 13 ಚಿತ್ರಗಳಷ್ಟು ಬೆಳೆದಿದೆ. ಮೂರನೆಯದೊಂದನ್ನು ಬಿಟ್ಟರೆ ಎಲ್ಲದರಲ್ಲೂ ಕಥೆ ಒಂದೇ: ಬಿಳಿಯ ಮುಖವಾಡ ತೊಟ್ಟವನೊಬ್ಬ ಚಾಕು ಹಿಡಿದು ಊರಿನವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಅವನು ಸತ್ತನೆಂದು ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಮುಂದಿನ ಚಿತ್ರಕ್ಕೆ ಎದ್ದು ಬರುತ್ತಾನೆ. ರಕ್ತಬೀಜಾಸುರನಿಗೂ ಇಷ್ಟು ತಾಳ್ಮೆ ಇದ್ದಿರಲಾರದು.

"ಹೆಣ್ಣುಮಕ್ಕಳನ್ನು ಕೊಲ್ಲುವುದನ್ನು ನೀನು ಕೂತು ನೋಡುವುದು ಯಾಕೆ, ಮಗೂ?" ಎಂದು ಒಂದು ದಿನ ಕೇಳಿದೆ. ಉತ್ತರವಾಗಿ ತೆರೆಯ ಹಿಂದಿನ ಸಂಗತಿಗಳ ಒಂದು ಮೂಟೆಯೇ ಬಿಚ್ಚಿಕೊಂಡಿತು.

ಆ ಭಯಂಕರ ಮುಖವಾಡವಿದೆಯಲ್ಲ, ಅದು ಅಂಗಡಿಯಲ್ಲಿ ಎರಡು ಡಾಲರಿಗಿಂತ ಕಡಿಮೆ ಬೆಲೆಗೆ ಸಿಕ್ಕಿದ್ದಂತೆ. 'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕನ ಮುಖ. ಕಣ್ಣಿನ ತೂತುಗಳನ್ನು ದೊಡ್ಡದು ಮಾಡಿ, ಬಿಳಿಯ ಬಣ್ಣ ಹೊಡೆದರು. ಸಜ್ಜನ ನಾಯಕ ಯಮದೂತನಾದ. ಅದನ್ನು ತೊಟ್ಟು ನಡೆದವನು ನಿಕ್ ಕ್ಯಾಸಲ್, ನಿರ್ದೇಶಕ ಜಾನ್ ಕಾರ್ಪೆಂಟರನ ಗೆಳೆಯ. ದಿನಕ್ಕೆ 25 ಡಾಲರು ಕೂಲಿ. ಚಿತ್ರಕ್ಕೆ ಆದ ಒಟ್ಟು ವೆಚ್ಚ ಸುಮಾರು ಮೂರು ಲಕ್ಷ ಡಾಲರು, ಅಲ್ಲಿಯ ಲೆಕ್ಕದಲ್ಲಿ ಬಡವರ ಮದುವೆ. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ. ಚಿತ್ರ ತೆಗೆದದ್ದು ಕ್ಯಾಲಿಫೋರ್ನಿಯದ ವಸಂತದಲ್ಲಿ. ಎಲೆಗಳಿಗೆ ಕಂದು ಬಣ್ಣ ಬಳಿದು ಬೀದಿಗೆ ಚೆಲ್ಲಿ, ದೃಶ್ಯ ಮುಗಿದೊಡನೆ ಗುಡಿಸಿ ಚೀಲಕ್ಕೆ ತುಂಬಿ, ಮುಂದಿನ ದೃಶ್ಯಕ್ಕೆ ಮತ್ತೆ ಚೆಲ್ಲುತ್ತಿದ್ದರು. ಮೊದಲ ಕೊಲೆಯನ್ನು ಮಾಡುವವನು ಆರು ವರ್ಷದ ಹುಡುಗ. ಆದರೆ ತೆರೆಯ ಮೇಲೆ ಕಾಣುವ ಕೈ ನಿರ್ಮಾಪಕಿ ಡೆಬ್ರಾ ಹಿಲ್ ಎಂಬ ಹೆಣ್ಣುಮಗಳದು. ಹುಡುಗಿಯರ ಮಾತುಗಳನ್ನು ಬರೆದವಳೂ ಅವಳೇ.

"ಇನ್ನು ಸಂಗೀತ ಕೇಳಿ, ಅಪ್ಪಾ" ಎಂದಳು. ಕೇಳಿದೆ. ಪಿಯಾನೋ ಒಂದೇ ಸಮನೆ ಬಡಿಯುತ್ತಿತ್ತು. ಅದನ್ನು ಕಟ್ಟಿದವನೂ ಕಾರ್ಪೆಂಟರನೇ. ಸಂಗೀತದ ಮೇಷ್ಟರಾಗಿದ್ದ ಅವನ ತಂದೆ ಬಾಲ್ಯದಲ್ಲಿ ಬಾಂಗೋ ಬಾರಿಸುವುದನ್ನು ಹೇಳಿಕೊಟ್ಟಾಗ ಕಲಿತ ತಾಳವಂತೆ ಅದು. ನನ್ನ ಬೆರಳುಗಳು ಅಭ್ಯಾಸಬಲದಿಂದ ಮೇಜಿನ ಮೇಲೆ ಎಣಿಸತೊಡಗಿದವು: ಐದು, ಐದು, ಐದು. ಐದು ಮಾತ್ರೆಯ ಗಣ! ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ ತೋರಿಸುತ್ತಿರುವ ಲಲಿತ ರಗಳೆ. ಹರಿಹರನೂ ಲಕ್ಷ್ಮೀಶನೂ ನಡೆಸಿದ ಐದರ ನಡೆಯಲ್ಲಿ ಅಮೆರಿಕದ ಕೊಲೆಗಾರ ಕತ್ತಲಲ್ಲಿ ಹೆಜ್ಜೆಯಿಡುತ್ತಿದ್ದಾನೆ. ನಾಲ್ಕಕ್ಕೆ ನಿಲ್ಲಬಹುದೆಂದು ಕಿವಿ ಕಾಯುತ್ತದೆ, ಅದು ನಿಲ್ಲದೆ ಇನ್ನೊಂದು ಹೆಜ್ಜೆ ಹಾಕುತ್ತದೆ. ಭಯವೆಲ್ಲ ಆ ಐದನೆಯ ಮಾತ್ರೆಯಲ್ಲಿದೆ.

ನನಗೂ ಈ ವಿದ್ಯೆ ತೀರ ಹೊಸದಲ್ಲ. ಚಿಕ್ಕಂದಿನಲ್ಲಿ ಹೊಳಲ್ಕೆರೆಯ ಕಡೆಯ ಹಳ್ಳಿಯೊಂದರಲ್ಲಿ ಬಯಲಾಟ ನೋಡಿದ್ದೆ. ಭೀಮ ದುಶ್ಶಾಸನನ ಎದೆ ಸೀಳಿದಾಗ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬೆಳಗಿನ ಜಾವ ಧೈರ್ಯ ಮಾಡಿ ಚೌಕಿಯೊಳಗೆ ಇಣುಕಿದರೆ, ಎದೆ ಸೀಳಿಸಿಕೊಂಡ ದುಶ್ಶಾಸನ ಭೀಮನ ಬೀಡಿಯಿಂದ ಕಿಡಿ ತೆಗೆದು ತನ್ನದನ್ನು ಹಚ್ಚಿಕೊಳ್ಳುತ್ತಿದ್ದ. ರಕ್ತವೆಂದರೆ ಅರಿಸಿನಕ್ಕೆ ಸುಣ್ಣ ಬೆರೆಸಿದ ನೀರು. ಮದುಮಕ್ಕಳಿಗೆ ದೃಷ್ಟಿ ತೆಗೆಯುವ ಅದೇ ಓಕುಳಿ. ಅಂದು ಅದೆಷ್ಟು ಹಗುರವಾದೆನೆಂದರೆ, ಮರುವರ್ಷ ಮುಂದಿನ ಸಾಲಿನಲ್ಲಿ ಕೂತೆ.

ಮಗಳು ಹೇಳಿದ್ದರಲ್ಲಿ ಒಂದು ಸಂಗತಿ ಮಾತ್ರ ನನ್ನನ್ನು ಬಿಡಲಿಲ್ಲ. ನಾಯಕಿ ಲೋರಿಯ ಪಾತ್ರ ಮಾಡಿದ ಜೇಮಿ ಲೀ ಕರ್ಟಿಸಳಿಗೂ ಆಗ 19 ವರ್ಷ. ದೃಶ್ಯಗಳನ್ನು ಹಿಂದುಮುಂದಾಗಿ ತೆಗೆಯುತ್ತಿದ್ದುದರಿಂದ, ಯಾವುದಕ್ಕೆ ಎಷ್ಟು ಹೆದರಬೇಕೆಂದು ತಿಳಿಸಲು ನಿರ್ದೇಶಕ ಭಯಕ್ಕೆ ಒಂದು ಅಳತೆಗೋಲನ್ನೇ ಮಾಡಿದ್ದ.

ಹೊಸದುರ್ಗದಲ್ಲಿರುವ ಅಜ್ಜಿಯನ್ನು ನೋಡಲು ಹೋಗುವಾಗ ಮಗಳು ಬೆಂಗಳೂರಿನ ಬಸ್ಸಿನಿಂದ ಹಿರಿಯೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಾಳೆ. ಕೆಲವೊಮ್ಮೆ ರಾತ್ರಿ ಹತ್ತಾಗುತ್ತದೆ. "ಅಲ್ಲಿ ನಿಂತಾಗ ನಿನ್ನ ಅಳತೆ ಎಷ್ಟಿರುತ್ತದೆ?" ಎಂದು ತಮಾಷೆಗೆಂಬಂತೆ ಕೇಳಿದೆ.

ಅವಳು ನಗಲಿಲ್ಲ. "ಆ ಕೋಲು ಹುಡುಗಿಯರ ಹತ್ತಿರ ಯಾವಾಗಲೂ ಇರುತ್ತೆ, ಅಪ್ಪಾ. ಯಾರೂ ಮಾಡಿಕೊಡಬೇಕಾಗಿಲ್ಲ. ಅಲ್ಲಿ ನಿಂತವನು ಯಾರು, ಏನು ಅಂತ ಹಿಂದೆ ಹೋಗಿ ನೋಡೋಕಾಗಲ್ಲ. ಸಿನಿಮಾದಲ್ಲಿ ನೋಡಬಹುದು. ಅದಕ್ಕೇ ನೋಡ್ತೀನಿ" ಎಂದಳು.

ಮರುದಿನ ಇಬ್ಬರೂ ಕೋಟೆ ಹತ್ತಿದೆವು. ನಮ್ಮ ದುರ್ಗದಲ್ಲಿ ಒಬ್ಬೊಬ್ಬರಾಗಿ ಕೊಂದ ಕಥೆಗೆ ಚಿತ್ರಮಾಲೆ ಬೇಕಿಲ್ಲ. ಒನಕೆ ಕಿಂಡಿಯ ಮುಂದೆ ಗುಂಪೊಂದು ನಿಂತಿತ್ತು. "ಜಯಂತಿ ನಿಂತದ್ದು ಇಲ್ಲೇನಾ?" ಎಂದು ಯಾರೋ ಕೇಳುತ್ತಿದ್ದರು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು 'ನಾಗರಹಾವು' ಚಿತ್ರವನ್ನು ಈ ಕೋಟೆಯಲ್ಲಿ ತೆಗೆದ ಮೇಲೆ, ಪಿ.ಬಿ. ಶ್ರೀನಿವಾಸರ ಕಂಠ ಕೇಳಿದವರಿಗೆಲ್ಲ ಓಬವ್ವನೆಂದರೆ ಜಯಂತಿಯ ಮುಖವೇ. 2021ರಲ್ಲಿ ಆಕೆ ತೀರಿಕೊಂಡಾಗ ಓಬವ್ವ ಇನ್ನೊಮ್ಮೆ ಹೋದಳೆಂದು ನಮ್ಮೂರಿನವರಿಗೆ ಅನ್ನಿಸಿತು.

ಮಗಳು ಬಗ್ಗಿ ಕಿಂಡಿಯೊಳಗೆ ನೋಡಿದಳು. ಹೈದರಾಲಿಯ ಸೈನಿಕರು ನುಸುಳಿದ ಸಂದು. ಒಂದು ಸಲಕ್ಕೆ ಒಂದೇ ತಲೆ. ಗಂಡ ಊಟಕ್ಕೆ ಕೂತಿದ್ದ, ನೀರು ತರಲು ಬಂದ ಹೆಂಗಸಿನ ಕೈಗೆ ಒನಕೆ ಬಂತು. ಕತ್ತಲಲ್ಲಿ ಕಾಯುವವನು ಅಲ್ಲಿ ಕೊಲೆಗಾರ, ಇಲ್ಲಿ ಮನೆಯಾಕೆ. "ಲೋರಿ ಕೊನೆಗೂ ಉಳಿಯುತ್ತಾಳಲ್ಲ, ಓಬವ್ವ?" ಎಂದು ಕೇಳಿದಳು. ಅವಳು ಉಳಿಯಲಿಲ್ಲವೆಂದೇ ನಮ್ಮೂರ ಕಥೆ ಹೇಳುತ್ತದೆ.

ಲೋರಿಯನ್ನು 2002ರ ಭಾಗದಲ್ಲಿ ಕೊಂದೇಬಿಟ್ಟಿದ್ದರು. ಆದರೆ 2018ರಲ್ಲಿ ಆ ಕಥೆಯನ್ನೇ ಬದಿಗಿಟ್ಟು, ತಲೆ ನರೆತ ಕರ್ಟಿಸಳನ್ನೇ ಕರೆತಂದರು. 2022ರ ವರೆಗೂ ಅವಳು ಹೋರಾಡಿದಳು. ಓಬವ್ವನಿಗೆ ಎರಡನೆಯ ಭಾಗವಿಲ್ಲ. ಅವಳ ಹೆಸರಿನ ಕ್ರೀಡಾಂಗಣ ನಮ್ಮೂರಲ್ಲಿದೆ. 2021ರಿಂದ ನವೆಂಬರ್ 11ರಂದು ಸರ್ಕಾರ ಅವಳ ಜಯಂತಿಯನ್ನು ಆಚರಿಸುತ್ತಿದೆ. ಆಚರಿಸಬೇಕಾದದ್ದೇ, ಆ ದಿನ ಕಾಲೇಜಿನಲ್ಲಿ ನಾನೂ ಭಾಷಣ ಮಾಡುತ್ತೇನೆ. ಆದರೆ ತಂದೆಯಾಗಿ ನನ್ನ ಆಸೆ ಸಣ್ಣದು. ಪ್ರತಿಮೆಯಾಗುವ ಮಗಳು ನನಗೆ ಬೇಡ. ಹಿರಿಯೂರಿನಲ್ಲಿ ಬಸ್ಸು ಸಿಕ್ಕಿತೆಂದು ಫೋನು ಮಾಡಿ, ಹೊಸದುರ್ಗದಲ್ಲಿ ಇಳಿದು, ಅಜ್ಜಿ ಬಡಿಸಿದ ಮುದ್ದೆ ಉಂಡು, ಭಾಗದ ಮೇಲೆ ಭಾಗವಾಗಿ ತಲೆ ನರೆಯುವವರೆಗೆ ಬಾಳುವ ಮಗಳು ಸಾಕು.