ಹಡಗಿನಲ್ಲಿ ಅಮ್ಮನ ಅವಲಕ್ಕಿ ಡಬ್ಬ

ಅಪ್ಪ ನಿವೃತ್ತರಾದ ವರ್ಷ ಅವರನ್ನೂ ಅಮ್ಮನನ್ನೂ ಕ್ರೂಸ್‌ಗೆ ಕರ್ಕೊಂಡು ಹೋಗಬೇಕು ಅಂತ ನನ್ನ ಆಸೆ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್. ನಾಲ್ಕು ರಾತ್ರಿ. ಆಫೀಸಿನ ಕ್ಯಾಬ್‌ನಲ್ಲಿ ಕೂತು ಫೋನಿನಲ್ಲಿ ನೋಡಿದಾಗ ತಲೆಗೆ 38,000 ರೂಪಾಯಿ ಅಂತಿತ್ತು. ಊಟ, ವಸತಿ, ಈಜುಕೊಳ, ರಾತ್ರಿ ನಾಟಕ ಎಲ್ಲ ಸೇರಿ! ಅಷ್ಟು ಓದಿದ್ದೇ ಸಾಕು, ಬುಕ್ ಮಾಡೋಕೆ ಕೂತೆ.

ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಬಂದರು ಶುಲ್ಕ, ತೆರಿಗೆ ಅಂತ ತಲೆಗೆ ಇನ್ನೂ 12,000 ಸೇರಿಕೊಂಡಿತ್ತು. ಇದು ಮೋಸವೇನಲ್ಲ, ಚಿಕ್ಕ ಅಕ್ಷರದಲ್ಲಿ ಮೊದಲೇ ಇತ್ತು. ಇನ್ನೊಂದು ವಿಷಯ: ಆ ದರ ಒಂದು ಕೋಣೆಯಲ್ಲಿ ಇಬ್ಬರು ಇರ್ತಾರೆ ಅನ್ನೋ ಲೆಕ್ಕದ್ದು. ಮೂರನೆಯವಳಾದ ನನಗೆ ಟಿಕೆಟ್ ಸ್ವಲ್ಪ ಅಗ್ಗವಾಯಿತು, ಆದರೆ ಬಂದರು ಶುಲ್ಕ ಎಲ್ಲರಿಗೂ ಒಂದೇ. ಒಬ್ಬರೇ ಹೋಗುವವರು ಸಾಮಾನ್ಯವಾಗಿ ಹೆಚ್ಚುಕಮ್ಮಿ ಎರಡು ಜನರ ದುಡ್ಡು ಕೊಡಬೇಕಾಗುತ್ತೆ. ಸೋಲೋ ಟ್ರಿಪ್ ಅಂತ ಕನಸು ಕಾಣೋ ಗೆಳತಿಯರೇ, ನೆನಪಿರಲಿ.

ಹಡಗು ಹತ್ತುವಾಗಲೇ ನನ್ನ ಕ್ರೆಡಿಟ್ ಕಾರ್ಡ್ ತಗೊಂಡು, ನಮ್ಮ ಮೂವರ ಕೈಗೂ ಒಂದೊಂದು ಕಾರ್ಡ್ ಕೊಟ್ಟರು. ಕೋಣೆ ಬಾಗಿಲು ತೆರೆಯೋದೂ ಅದೇ, ಖರ್ಚು ಬರೆಯೋದೂ ಅದೇ. ಒಳಗೆ ನಗದು ನಡೆಯೋದಿಲ್ಲ, ಲೆಕ್ಕವೆಲ್ಲ ಡಾಲರ್‌ನಲ್ಲಿ. ಕೈಯಿಂದ ನೋಟು ಹೋಗದಿದ್ದರೆ ಖರ್ಚು ಮಾಡಿದ ಹಾಗೇ ಅನ್ನಿಸೋದಿಲ್ಲ ನೋಡಿ, ಅದೇ ಅದರ ಗುಟ್ಟು.

ಮೊದಲ ರಾತ್ರಿ ದೊಡ್ಡ ಊಟದ ಮನೆಗೆ ಹೋದೆವು. ಬಿಳಿ ಮೇಜುಬಟ್ಟೆ, ನಾಲ್ಕು ಥರದ ಚಮಚ. ಅಮ್ಮ ಮೆನು ತಿರುಗಿಸಿ ನೋಡಿ, "ನಂಗೆ ಹಸಿವಿಲ್ಲ ಕಣೆ, ಹಡಗು ಅಲ್ಲಾಡ್ತಿದೆ" ಅಂದು ಸೂಪ್‌ನಲ್ಲೇ ಮುಗಿಸಿದರು. ಮರುದಿನ ಬಫೆಯಲ್ಲೂ ಒಂದು ಬಾಳೆಹಣ್ಣು. ಸಮುದ್ರ ಹಿಡಿಸಲಿಲ್ಲವೇನೋ ಅಂತ ನಾನು ಮಾತ್ರೆ ಕೊಟ್ಟೆ.

ಅಪ್ಪನದು ಬೇರೆಯೇ ಕಥೆ. ಐದನೇ ಮಹಡಿಯ ಕೆಫೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ ಹಿಡಿದುಬಿಟ್ಟರು. ದಿನಕ್ಕೆ ಮೂರು ಕಾಪುಚಿನೋ. "ಎಲ್ಲ ಸೇರಿದೆ ಅಂದ್ಯಲ್ಲ, ಕಾರ್ಡ್ ತೋರಿಸಿದ್ರೆ ಸಾಕು, ಕೊಡ್ತಾರೆ" ಅಂತ ಖುಷಿಯೋ ಖುಷಿ.

ಪೆನಾಂಗ್‌ನಲ್ಲಿ ನಾನೊಂದು ಜಾಣತನ ಮಾಡಿದೆ. ಹಡಗಿನವರ ಸಿಟಿ ಟೂರ್‌ಗೆ ಪ್ರತ್ಯೇಕ ದುಡ್ಡು, ತಲೆಗೆ 60 ಡಾಲರ್ ಹತ್ತಿರ. ಆದರೆ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಧಕ್ಕೆ ಜಾರ್ಜ್ ಟೌನ್ ಊರಿನ ಬಾಗಿಲಲ್ಲೇ ಇದೆ. ನಡೆದುಕೊಂಡೇ ಲಿಟ್ಲ್ ಇಂಡಿಯಾಕ್ಕೆ ಹೋದೆವು. ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ್ ಗುಡಿ 1833ರದ್ದಂತೆ. ಹೂವಿನ ವಾಸನೆ, ತಮಿಳು ಹಾಡು, ಅಮ್ಮನ ಮುಖ ಅರಳಿತು. ಅಲ್ಲಿ ಎರಡು ದೋಸೆ ತಿಂದರು, ಮೂರನೆಯದನ್ನೂ ತರಿಸಿಕೊಂಡರು. ಹಡಗು ಅಲ್ಲಾಡದಿದ್ದರೆ ಹಸಿವಾಗುತ್ತೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! (ಹೀಗೆ ಸ್ವಂತವಾಗಿ ತಿರುಗುವವರು ಗಡಿಯಾರ ನೋಡುತ್ತಿರಬೇಕು. ಹಡಗಿನವರ ಟೂರ್ ಬಸ್ ತಡವಾದರೆ ಹಡಗು ಕಾಯುತ್ತೆ, ನಮಗಾಗಿ ಕಾಯೋದಿಲ್ಲ.)

ನಾಲ್ಕನೇ ದಿನ ಪೂರ್ತಿ ಸಮುದ್ರ. ಚಾರ್ಜರ್ ಹುಡುಕುತ್ತಾ ಅಮ್ಮನ ಬ್ಯಾಗ್ ತೆಗೆದೆ. ಮನೆಯಿಂದ ತುಂಬಿ ತಂದಿದ್ದ ಒಗ್ಗರಣೆ ಅವಲಕ್ಕಿ ಡಬ್ಬ ತಳ ಕಂಡಿತ್ತು. ಚಕ್ಕುಲಿ ಪೊಟ್ಟಣ ಖಾಲಿ.

"ಮೆನುವಿನಲ್ಲಿ 20 ಡಾಲರ್ ಅಂತ ಬರೆದಿತ್ತು. ಒಂದು ತಟ್ಟೆಗೆ 1,700 ರೂಪಾಯಿ. ಮೂರು ಜನ, ನಾಲ್ಕು ದಿನ... ನೀನು ಇನ್ನೂ ಮನೆ ಸಾಲ ಕಟ್ತಿದೀಯ" ಅಂದರು, ನನ್ನ ಕಡೆ ನೋಡದೆ.

ಅದು ಮೆನುವಿನ ಕೊನೆಯಲ್ಲಿದ್ದ ಲಾಬ್‌ಸ್ಟರ್ ಬೆಲೆ. ಅದೊಂದೇ ಐಟಂಗೆ ದುಡ್ಡು. ಉಳಿದದ್ದೆಲ್ಲ ನಾನು ಬೆಂಗಳೂರಿನಲ್ಲೇ ಕಟ್ಟಿಯಾಗಿತ್ತು. ಬಫೆ, ನೀರು, ಅಲ್ಲಿನ ಟೀ, ಸಾದಾ ಕಾಫಿ ಕೂಡ. ಕೆಫೆಯ ಕಾಪುಚಿನೋ, ತಂಪು ಪಾನೀಯ, ಮದ್ಯ, ವೈಫೈ, ಸ್ಪಾ, ವಿಶೇಷ ರೆಸ್ಟೋರೆಂಟ್, ಡಾಕ್ಟರು, ಇವಕ್ಕೆ ಮಾತ್ರ ಬೇರೆ. ಹತ್ತುವ ಮುಂಚೆ ಇದನ್ನು ಇಬ್ಬರನ್ನೂ ಕೂರಿಸಿ ಹೇಳೋಕೆ ನನಗೆ ಐದು ನಿಮಿಷ ಸಾಕಿತ್ತು. ನಾನು ಮಾಡಿದ್ದು ಮಾತ್ರೆ ಕೊಟ್ಟಿದ್ದು.

ಆ ರಾತ್ರಿ ಅಮ್ಮ ಊಟದ ಮನೆಯಲ್ಲಿ ಪೂರ್ತಿ ಕೂತರು. ವೆಜ್ ಕರಿ, ನಾನ್, ಪಾಸ್ತಾ, ಆಮೇಲೆ ಮೂರು ಸಿಹಿ. "ಇದೂ ಸೇರಿದೆಯಾ?" ಅಂತ ಪ್ರತಿ ತಟ್ಟೆಗೂ ಕೇಳಿದರು. ಬಡಿಸುವ ಹುಡುಗನಿಗೂ ಅರ್ಥವಾಗಿ ಹೋಯಿತು, ಅಮ್ಮ ಬಾಯಿ ತೆರೆದ ಕೂಡಲೇ ನಗುತ್ತಾ ತಲೆಯಾಡಿಸುತ್ತಿದ್ದ.

ಕೋಣೆಗೆ ಬಂದು ಟಿವಿಯಲ್ಲಿ ಬಿಲ್ ನೋಡಿದೆವು. ಟಿಪ್ಸ್ ಅಂತ ತಲೆಗೆ ದಿನಕ್ಕೆ 18 ಡಾಲರ್ ತಾನಾಗಿಯೇ ಬಿದ್ದಿತ್ತು. ಮೂವರಿಗೆ ನಾಲ್ಕು ರಾತ್ರಿಗೆ 216, ಅಂದರೆ 18,000 ರೂಪಾಯಿ ಮೇಲೆ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಹೆಸರಲ್ಲಿ ವೈಫೈ, ಆಫೀಸ್ ಮೇಲ್ ನೋಡೋ ಚಟಕ್ಕೆ ದಿನಕ್ಕೆ 22. ಅಪ್ಪನ ಹೆಸರಲ್ಲಿ ಒಂಬತ್ತು ಕಾಪುಚಿನೋ, ಒಂದೊಂದಕ್ಕೆ ನಾಲ್ಕೂವರೆ ಡಾಲರ್, ಅದರ ಮೇಲೆ ಶೇ. 18 ಸೇವಾ ಶುಲ್ಕ. ಇದೆಲ್ಲದರ ಮೇಲೆ ನನ್ನ ಬ್ಯಾಂಕ್ ವಿದೇಶಿ ವಹಿವಾಟು ಅಂತ ಮೂರೂವರೆ ಶೇಕಡಾ ಹಾಕಿದ್ದು ಊರಿಗೆ ಬಂದ ಮೇಲೆ ಗೊತ್ತಾಯಿತು.

ಅಮ್ಮನ ಹೆಸರಿನ ಕೆಳಗೆ ಟಿಪ್ಸ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಸಲ ನೋಡಿ, "ಬೆಳಿಗ್ಗೆ ಕಾಫಿ ಬಫೆಯಲ್ಲೇ ಕುಡಿಯೋಣ" ಅಂದರು.