ವೈ.ಎನ್.ಹೊಸಕೋಟೆಯ ಮಗ್ಗವೂ ನಿಲುವಂಗಿಯೂ

ಕರ್ನಾಟಕದ ಭೂಪಟವನ್ನು ಹರವಿಕೊಂಡು ನೋಡಿದ ವಾಚಕರಿಗೆ ತುಮಕೂರು ಜಿಲ್ಲೆಯ ಉತ್ತರದಲ್ಲಿ ಒಂದು ವಿಚಿತ್ರವು ಕಂಡುಬರುವುದು. ಪಾವಗಡ ತಾಲ್ಲೂಕು ತನ್ನ ಜಿಲ್ಲೆಯಿಂದ ಬೇರೆಯಾಗಿ, ಬಹುಭಾಗ ಆಂಧ್ರದೇಶದಿಂದ ಸುತ್ತುವರಿಯಲ್ಪಟ್ಟು, ಪಡುವಲಲ್ಲಿ ಮಾತ್ರ ಚಳ್ಳಕೆರೆಯ ಸೀಮೆಗೆ ಅಂಟಿಕೊಂಡಿದೆ. ಹಿಂದೆ ಇದು ಮೈಸೂರು ಸಂಸ್ಥಾನಕ್ಕೂ ಮದರಾಸು ಆಧಿಪತ್ಯಕ್ಕೂ ನಡುವಣ ಗೆರೆ; ೧೯೫೩ರಿಂದೀಚೆಗೆ ಆಂಧ್ರದ ಗೆರೆ. ಸಂಸ್ಕೃತದೊಡನೆ ಭೂಗೋಳವನ್ನೂ ಕಲಿಸುತ್ತಿದ್ದ ನಾವು ಇದನ್ನು ಬೆತ್ತದ ತುದಿಯಿಂದ ಎಷ್ಟೋ ಸಲ ಸವರಿದ್ದೆವು. ಅದು ಒಬ್ಬ ಹೆಣ್ಣುಮಗಳ ಬಟ್ಟೆಯ ವ್ಯಾಪಾರಕ್ಕೆ ಅಡ್ಡವಾಗಿ ನಿಂತಿರುವುದನ್ನು ಕಂಡದ್ದು ಮಾತ್ರ ಈಚೆಗೆ, ಹೊಸಕೋಟೆಗೆ ಹೋದಾಗ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಮಿಡಿಗೇಶಿಯನ್ನು ದಾಟಿದೆವು. ನಡುವೆ ಸ್ವಲ್ಪ ದೂರ ಆಂಧ್ರದ ನೆಲವು ಅಡ್ಡ ಬರುವುದು. ಅಂಗಡಿಗಳ ಹಲಗೆಗಳ ಮೇಲೆ ಅಕ್ಷರಗಳು ತೆಲುಗಾಗಿ, ನೋಡುತ್ತಿದ್ದಂತೆಯೇ ಮತ್ತೆ ಕನ್ನಡವಾದುವು. ಪಾವಗಡದಲ್ಲಿ ಶನೈಶ್ಚರನ ಗುಡಿಗೆ ಬಂದವರ ನೂಕುನುಗ್ಗಲು. ಇದು ಮಳೆಗಿಂತ ಬಿಸಿಲನ್ನೇ ಹೆಚ್ಚಾಗಿ ಕಂಡ ಸೀಮೆ; ಕಡಲೆಕಾಯಿ ಕೈಕೊಟ್ಟ ವರ್ಷ ರೈತನಿಗೆ ಬೇರೆ ಗತಿಯಿಲ್ಲ. ೨೦೧೮ರಿಂದ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ಗಾಜಿನ ಹಲಗೆಗಳನ್ನು ಹಾಸಿ ಆ ಬಿಸಿಲನ್ನೇ ಕೊಯ್ಯುತ್ತಿದ್ದಾರೆ.

ಹೊಸಕೋಟೆಯ ಹೆಸರು ಹೊರಗೆ ತಿಳಿದಿರುವುದು ರೇಷ್ಮೆ ಸೀರೆಯಿಂದ. ಬೀದಿಯೊಳಗೆ ಕಾಲಿಟ್ಟರೆ ಊರನ್ನು ಮೊದಲು ಕಿವಿಯೇ ಗುರುತಿಸುವುದು. ಒಂದು ಮನೆಯಲ್ಲಿ ವಿದ್ಯುತ್ತಿನ ಮಗ್ಗದ ಬಿಡುವಿಲ್ಲದ ಕಟಕಟ. ಇನ್ನೊಂದರಲ್ಲಿ ಕೈಮಗ್ಗದ ಲಾಳಿಯು ಅತ್ತಿಂದಿತ್ತ ಓಡುವ ಸದ್ದು, ನಡುವೆ ನೇಯುವವನು ಉಸಿರಾಡುವಷ್ಟು ಮೌನ. ಮಾತು ಅರ್ಧ ತೆಲುಗು, ಅರ್ಧ ಕನ್ನಡ.

ನಮ್ಮ ಹಳೆಯ ಶಿಷ್ಯೆಯೊಬ್ಬಳು ಈ ಊರಿನ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಅವಳ ಮಾವನವರು ನಲವತ್ತು ವರ್ಷ ಮದುವೆಯ ಸೀರೆಗಳನ್ನು ನೇಯ್ದವರು. ನಡುಮನೆಯಲ್ಲಿ ಅವರ ಮಗ್ಗ; ಅದರ ಪಕ್ಕಕ್ಕೆ ಒತ್ತಿಕೊಂಡು ಎರಡು ಹೊಲಿಗೆಯಂತ್ರಗಳು. ಈಕೆ ಹತ್ತಿಯ ಬಟ್ಟೆಯನ್ನು ಬೆಂಗಳೂರಿನ ಚಿಕ್ಕಪೇಟೆಯಿಂದ ತರಿಸಿ, ಹೆಂಗಸರು ರಾತ್ರಿ ತೊಡುವ ನಿಲುವಂಗಿಗಳನ್ನು, ಎಂದರೆ ನೈಟಿಗಳನ್ನು, ಹೊಲಿದು ಅಂತರಜಾಲದ ಮೂಲಕ ಮಾರುತ್ತಾಳೆ. ರಾತ್ರಿ ತೊಡುವುದೆಂದೆವು, ನಮ್ಮ ಬೀದಿಗಳಲ್ಲಿ ಅದು ಹಗಲಿನಲ್ಲಿಯೂ ನೀರು ಹಿಡಿಯುತ್ತಿರುವುದನ್ನು ವಾಚಕರು ಬಲ್ಲರು.

‘ನೈಟ್’ ಎಂಬ ಇಂಗ್ಲಿಷ್ ಮಾತೂ ಸಂಸ್ಕೃತದ ‘ನಕ್ತ’ವೂ ಒಂದೇ ಮೂಲದಿಂದ ಹುಟ್ಟಿದ ಒಡಹುಟ್ಟುಗಳೆಂದೂ, ಪಾರಸಿಯಲ್ಲಿ ಬರಿಯ ಕಾಲುಡುಪಾಗಿದ್ದ ಪೈಜಾಮವನ್ನು ಆಂಗ್ಲರು ನಮ್ಮ ದೇಶದಲ್ಲಿ ಕಂಡು ಮಲಗುವ ಉಡುಪನ್ನಾಗಿ ಮಾಡಿಕೊಂಡರೆಂದೂ ನಾವು ವಿವರಿಸಿದೆವು. ಹೇಳಿ ಮುಗಿಸುವಷ್ಟರಲ್ಲಿ ಆಕೆ ಎರಡು ಕುತ್ತಿಗೆಪಟ್ಟಿಗಳನ್ನು ಹೊಲಿದಿದ್ದಳು.

“ಮೇಷ್ಟ್ರೇ, ನೀವು ಇಷ್ಟು ಬಲ್ಲವರು. ಚಿತ್ರದ ಕೆಳಗೆ ಹಾಕುವುದಕ್ಕೆ ನಾಲ್ಕು ಸಾಲು ಬರೆದುಕೊಡಿ” ಎಂದಳು. ನಾವು ಉತ್ಸಾಹದಿಂದ ‘ಮೃದುಸ್ಪರ್ಶವೂ ಸುಖನಿದ್ರಾಪ್ರದವೂ ಆದ’ ಎಂದು ಆರಂಭಿಸಿದೆವು. ಆಕೆ ಓದಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, “ಇದನ್ನು ನೋಡಿದವರು ಔಷಧವೆಂದುಕೊಂಡಾರು” ಎಂದಳು. ಬಳಿಕ ತಾನೇ ಬರೆದುದು ಇಷ್ಟು: ಬಟ್ಟೆ ಹತ್ತಿಯದು, ಉದ್ದ ೫೪ ಅಂಗುಲ, ನೆನೆಸಿ ಒಣಗಿಸಿ ಕತ್ತರಿಸಿದ್ದೇವೆ, ಆದರೂ ಅರ್ಧ ಅಂಗುಲ ಕುಗ್ಗಬಹುದು, ಕೆಂಪು ಮೊದಲ ಒಗೆತದಲ್ಲಿ ಬಣ್ಣ ಬಿಡುವುದು, ಬೇರೆಯಾಗಿ ಒಗೆಯಿರಿ.

ತನ್ನ ಸರಕಿನ ದೋಷವನ್ನು ತಾನೇ ಸಾರುವ ಈ ವ್ಯಾಪಾರವೆಂತಹುದೆಂದು ಕೇಳಿದೆವು. ಮೊದಲ ವರ್ಷ ಆಕೆ ನೆನೆಸದ ಬಟ್ಟೆಯಲ್ಲಿಯೇ ಹೊಲಿದಳಂತೆ. ೫೪ ಅಂಗುಲದ ಅಂಗಿ ನೂರಕ್ಕೆ ಮೂರರಂತೆ ಕುಗ್ಗಿದರೂ ಒಂದೂವರೆ ಅಂಗುಲ ಹೋಯಿತು. ಕಣಕಾಲು ಮುಚ್ಚಬೇಕಾದುದು ಮೇಲೇರಿತು. ಹಿಂದಿರುಗಿ ಬಂದ ಪೊಟ್ಟಣಗಳ ಸಾಗಣೆಯ ವೆಚ್ಚದಲ್ಲಿ ಆ ತಿಂಗಳ ಲಾಭವೆಲ್ಲ ಕರಗಿತು. ಅಂಗಡಿಯಲ್ಲಾದರೆ ಕೊಳ್ಳುವವಳು ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಹೊಸೆದು ನೋಡುವಳು. ಬೀದರಿನಲ್ಲಿ ಕುಳಿತು ಮೊಬೈಲಿನ ಚಿತ್ರವನ್ನು ನೋಡುವವಳಿಗೆ ಆ ಬೆರಳುಗಳಿಲ್ಲ; ಈಕೆಯ ನಾಲ್ಕು ಸಾಲುಗಳೇ ಬೆರಳು.

ಈಗ ಗೆರೆಯ ಸಂಗತಿ. ೨೦೧೭ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆಯು ಬಂದ ಮೇಲೆ, ಅಂತರಜಾಲದ ದೊಡ್ಡ ಅಂಗಡಿಗಳ ಮೂಲಕ ಸರಕು ಮಾರುವವರು ಎಷ್ಟೇ ಚಿಕ್ಕವರಾದರೂ ತೆರಿಗೆಯ ನೋಂದಣಿ ಮಾಡಿಸಲೇಬೇಕಾಗಿತ್ತು. ೨೦೨೩ರ ಅಕ್ಟೋಬರ್ ೧ರಿಂದ ಇದು ಸಡಿಲವಾಯಿತು. ವರ್ಷಕ್ಕೆ ೪೦ ಲಕ್ಷ ರೂಪಾಯಿಗಳೊಳಗೆ ವ್ಯಾಪಾರ ಮಾಡುವವರು ನಮ್ಮ ರಾಜ್ಯದಲ್ಲಿ ನೋಂದಣಿಯಿಲ್ಲದೆಯೇ ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ. ಇಂತಹ ಹೊಲಿದ ಉಡುಪನ್ನು ಗಡಿಯಾಚೆಗೆ ಕಳುಹಿಸಬೇಕಾದರೆ ನೋಂದಣಿ ಬೇಕು, ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕು, ಅದಕ್ಕೊಬ್ಬ ಲೆಕ್ಕಿಗನಿಗೆ ಹಣ ತೆರಬೇಕು. ರಾಜ್ಯದ ನಡುವೆ ಇರುವ ಊರಿಗೆ ಇದು ದೊಡ್ಡ ಕಷ್ಟವಲ್ಲ. ಹೊಸಕೋಟೆಯವರಿಗಾದರೋ ನೆರೆಯೇ ಪರರಾಜ್ಯ! ಬೀದರಿಗೆ ನಿರ್ಭಯವಾಗಿ ಹೋಗುವ ಅಂಗಿ, ಈ ಸೊಸೆಯ ಸ್ವಂತ ನಾದಿನಿಯನ್ನು ಕೊಟ್ಟಿರುವ ಮಡಕಶಿರೆಗೆ ಹೋಗಲಾರದು.

ನೋಂದಣಿ ಮಾಡಿಸಿದರೆ ಆಂಧ್ರದ ಗಿರಾಕಿಗಳು ಸಿಕ್ಕಾರು, ಆಗ ಮೂರನೆಯ ಯಂತ್ರ ಬೇಕು, ಅದಕ್ಕೆ ಸ್ಥಳ ಬೇಕು, ಸ್ಥಳವೆಂದರೆ ಮಗ್ಗದ್ದು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು ಇದೇ ಎಂದು ನಮಗೆ ಊಟದ ಹೊತ್ತಿಗೆ ಅರಿವಾಯಿತು. ಮಾವನವರು ಮಜ್ಜಿಗೆಯನ್ನು ಕುಡಿದು, “ಇನ್ನೆರಡು ಸೀರೆಯ ಹಾಸು ಮಗ್ಗದ ಮೇಲಿದೆ, ಸ್ವಾಮಿ. ಅದು ಮುಗಿಯಲಿ” ಎಂದರು. ಸೊಸೆ, “ನಾನೇನೂ ಕೇಳಲಿಲ್ಲವಲ್ಲ, ಮಾವ” ಎಂದಳು. “ನೀನು ಕೇಳಲಿಲ್ಲ. ಅದಕ್ಕೇ ನಾನು ಹೇಳಿದೆ.” ಎರಡು ಸೀರೆಗಳಿಗೆ ಎಷ್ಟು ದಿನ ಬೇಕೆಂದು ನಾವು ಕೇಳುವವರಿದ್ದು, ಕೇಳಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ನಾವು ಹೊರಡುವಾಗ, ಗಡಿಯಾಚೆಯ ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಜಗಲಿಯ ಮೇಲೆ ಕುಳಿತಿದ್ದಳು. ತನ್ನ ಬೀದಿಯವರಿಗೆಲ್ಲ ಸೇರಿಸಿ ಐದು ಅಂಗಿಗಳನ್ನು ಕೊಳ್ಳುವುದಕ್ಕೆ ಬಂದವಳು. ಕೆಂಪು ಬಟ್ಟೆಯ ಅಂಚನ್ನು ಎರಡು ಬೆರಳುಗಳ ನಡುವೆ ಹೊಸೆಯುತ್ತಾ, ಬಣ್ಣ ಬಿಡುವುದೇ ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು.