ಸೊನ್ನೆ ಅಂತ ಬರೆದುಬಿಟ್ಟಿದ್ದೆ

ಧನ್‌ಬಾದ್ ಕಡೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ನಾನು ಟ್ರೈನಿ. ಕೆಲಸ ಕೇಳಿ ನಗಬೇಡಿ: ಸುರಂಗದುದ್ದಕ್ಕೂ ರಬ್ಬರ್ ಟ್ಯೂಬ್ ಎಳೆದು, ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಗಾಳಿ ಎಷ್ಟು ಒತ್ತಡ ಕಳ್ಕೊಂಡಿದೆ ಅಂತ ಮಾನೋಮೀಟರ್‌ನಲ್ಲಿ ನೋಡೋದು. ಮೊದಲ ದಿನದ ರೀಡಿಂಗ್ ಸೊನ್ನೆ. ಖುಷಿಯಿಂದ ಬರೆದುಬಿಟ್ಟೆ. ಜೊತೆಗಿದ್ದ ಹಿರಿಯರು ಏನೂ ಅನ್ನದೆ ಟ್ಯೂಬ್ ಹಿಡಿದು ನಡೆದರು. ಅದು ನನ್ನ ಬೂಟಿನಡಿಯೇ ಸಿಕ್ಕಿಕೊಂಡಿತ್ತು!

ಕಾಲೆತ್ತಿದರೆ 18 ಮಿಲಿಮೀಟರ್ ನೀರು, ಅಂದ್ರೆ ಸುಮಾರು 177 ಪ್ಯಾಸ್ಕಲ್. ಹುಡುಕಿದಾಗ ಸಿಕ್ಕಿದ್ದು ಛಾವಣಿ ಕುಸಿದು ಅರ್ಧ ಮುಚ್ಚಿದ ದಾರಿ. ಅದರಾಚೆ ಜನ ಕೆಲಸ ಮಾಡ್ತಿದ್ದರು. ಗಾಳಿ ಕಮ್ಮಿಯಾದರೆ ಅಲ್ಲಿ ಮೀಥೇನ್ ಸೇರಿಕೊಳ್ಳುತ್ತೆ.

"ದೊಡ್ಡ ಫ್ಯಾನ್ ಹಾಕಿದ್ರೆ?" ಅಂದೆ. "ಗಾಳಿ ಎರಡು ಪಟ್ಟು ಬೇಕಂದ್ರೆ ಒತ್ತಡ ನಾಲ್ಕು ಪಟ್ಟು ಬೇಕು. ಮೊದಲು ಕಲ್ಲು ತೆಗೆಸು" ಅಂದರು.

ಸೊನ್ನೆ ಬರೆದ ಹಾಳೆ ಹರಿಯೋಕೆ ಹೋದೆ, ಬಿಡಲಿಲ್ಲ. ಈಗಲೂ ನನ್ನ ಬುಕ್ಕಿನಲ್ಲಿದೆ.